ವಾಷಿಂಗ್ಟನ್ನಿನಲ್ಲಿ ಕಂಡ ಮೊದಲ ವಿಮಾನ

ನಮ್ಮ ಮಗನು ಉದ್ಯೋಗನಿಮಿತ್ತವಾಗಿ ಅಮೆರಿಕಾದ ರಾಜಧಾನಿಯಾದ ವಾಷಿಂಗ್ಟನ್ ನಗರದ ಬಳಿ ವಾಸವಾಗಿರುವುದರಿಂದ, ಅಧ್ಯಾಪಕ ವೃತ್ತಿಯಿಂದ ನಿವೃತ್ತರಾದ ಬಳಿಕ ನಾವೂ ಅಲ್ಲಿಗೆ ಹೋಗಿ ಎರಡು ತಿಂಗಳು ಇದ್ದು ಬರುವ ಸಂದರ್ಭವೊದಗಿತು. ಆ ನಗರದಲ್ಲಿ ನೋಡತಕ್ಕವು ಅನೇಕವುಂಟು. ಆದರೆ ನಮ್ಮ ಮನಸ್ಸಿನಲ್ಲಿ ನೆಲೆಯಾಗಿ ನಿಂತುದು ಸ್ಮಿತ್ಸೋನಿಯನ್ ಸಂಸ್ಥೆಯ ವಿಮಾನ ವಸ್ತುಸಂಗ್ರಹಾಲಯದಲ್ಲಿರುವ ಒಂದು ಹಳೆಯ ಯಂತ್ರ. ರೈಟ್ ಸಹೋದರರು 1903ನೆಯ ಇಸವಿಯಲ್ಲಿ ಹಾರಿಸಿದ ವಿಮಾನವೇ ಅದು.

ಮೊಮ್ಮಗನ ಕೈ ಹಿಡಿದು ಅದರ ಮುಂದೆ ನಿಂತಾಗ ನಮಗೆ ಮೊದಲು ತೋರಿದುದು ಆಶ್ಚರ್ಯವಲ್ಲ, ಕನಿಕರ. ಮರದ ಕಡ್ಡಿಗಳು, ತಂತಿಗಳು, ಮೇಲೆ ಬಿಗಿದ ಹತ್ತಿಯ ಬಟ್ಟೆ. ನೋಡುವುದಕ್ಕೆ ಒಣಗಹಾಕಿದ ದೊಡ್ಡ ಪಂಚೆಗಳಂತೆ ಒಂದರ ಮೇಲೊಂದಾಗಿ ಎರಡು ರೆಕ್ಕೆಗಳು. ತುದಿಯಿಂದ ತುದಿಗೆ ನಲವತ್ತು ಅಡಿಗೆ ಕೊಂಚ ಹೆಚ್ಚು ಉದ್ದ; ಹಾರುವವನನ್ನು ಬಿಟ್ಟು ತೂಕ 605 ಪೌಂಡು. ಎರಡು ರೆಕ್ಕೆಗಳೇಕೆಂದು ಮೊಮ್ಮಗನು ಕೇಳಿದನು. ಒಂದೇ ಉದ್ದನೆಯ ರೆಕ್ಕೆಯಾದರೆ ಬಲ ಸಾಲದೆ ಮುರಿದೀತು. ಎರಡನ್ನು ಕಂಬಗಳಿಂದಲೂ ತಂತಿಗಳಿಂದಲೂ ಸೇತುವೆಯಂತೆ ಕಟ್ಟಿದರೆ ಹಗುರವೂ ಆಗುವುದು, ದೃಢವೂ ಆಗುವುದು ಎಂದು ತಿಳಿಸಿದೆವು. ಹಾರುವವನು ಕೆಳಗಿನ ರೆಕ್ಕೆಯ ಮೇಲೆ ಬೋರಲಾಗಿ ಮಲಗಿ, ಸೊಂಟವನ್ನು ಅತ್ತಿತ್ತ ಸರಿಸಿದರೆ ತಂತಿಗಳು ಎಳೆದು ರೆಕ್ಕೆಯ ತುದಿಗಳು ಸ್ವಲ್ಪ ತಿರುಚಿಕೊಳ್ಳುವುವು. ಹಕ್ಕಿಯಂತೆ ಸಮತೋಲ ನಿಲ್ಲುವುದು. ಸುಮಾರು 12 ಅಶ್ವಶಕ್ತಿಯ ಎಂಜಿನ್ನಿನಿಂದ ಎರಡು ಪಂಖಗಳನ್ನು ತಿರುಗಿಸುವುದಕ್ಕೆ ಸರಪಣಿಗಳಿವೆ. ಸೋದರರಿಬ್ಬರೂ ಬೈಸಿಕಲ್ ವ್ಯಾಪಾರಿಗಳಷ್ಟೆ!

1903ನೆಯ ಡಿಸೆಂಬರ್ 17ರ ಚಳಿಗಾಳಿಯ ಬೆಳಿಗ್ಗೆ, ಉತ್ತರ ಕೆರೊಲಿನಾದ ಕಡಲತೀರದ ಮರಳಿನಲ್ಲಿ, ತಮ್ಮನಾದ ಆರ್ವಿಲನು ಮೊದಲು ಹಾರಿದನು. 12 ಸೆಕೆಂಡು, 120 ಅಡಿ. ಆ ದಿನದ ನಾಲ್ಕನೆಯ ಸಲ ಅಣ್ಣನಾದ ವಿಲ್ಬರನು 59 ಸೆಕೆಂಡುಗಳಲ್ಲಿ 852 ಅಡಿ ಹೋದನು. ಬಳಿಕ ನೆಲದ ಮೇಲಿದ್ದ ಯಂತ್ರವನ್ನು ಬಿರುಗಾಳಿಯೊಂದು ಉರುಳಿಸಿ ಮುರಿಯಿತು. ಮತ್ತೆಂದಿಗೂ ಅದು ಹಾರಲಿಲ್ಲ. ಪೆಟ್ಟಿಗೆಯಲ್ಲಿ ತುಂಬಿ ಡೇಟನ್ ಊರಿನಲ್ಲಿಟ್ಟರು; 1913ರ ಮಹಾಪ್ರವಾಹದಲ್ಲಿ ಆ ಪೆಟ್ಟಿಗೆಗಳು ಕೆಸರುನೀರಿನಲ್ಲಿ ಮುಳುಗಿದ್ದುವು.

ಇಷ್ಟನ್ನು ನಾವು ಶಾಲೆಯಲ್ಲಿ ಹೇಳಿಕೊಟ್ಟವರೇ. ಅದು ಇಪ್ಪತ್ತು ವರ್ಷ ಪರದೇಶವಾಸ ಮಾಡಿದ ಕಥೆಯನ್ನು ಮಾತ್ರ ಚೆನ್ನಾಗಿ ಅರಿತಿರಲಿಲ್ಲ.

1899ರಲ್ಲಿ ವಿಲ್ಬರನು ಇದೇ ಸ್ಮಿತ್ಸೋನಿಯನ್ ಸಂಸ್ಥೆಗೆ ಕಾಗದ ಬರೆದು, ಹಾರುವ ವಿದ್ಯೆಯನ್ನು ಕುರಿತ ಪುಸ್ತಕಗಳನ್ನು ಬೇಡಿದ್ದನು, ಸಂಸ್ಥೆಯವರೂ ಕಳುಹಿಸಿಕೊಟ್ಟಿದ್ದರು. ಆದುದರಿಂದ ಸಂಸ್ಥೆಯು ಗುರುಸ್ಥಾನದಲ್ಲಿದ್ದಿತೆನ್ನಬಹುದು. ಆಗ ಅದರ ಮುಖ್ಯಸ್ಥರಾಗಿದ್ದ ಲ್ಯಾಂಗ್ಲಿ ಎಂಬ ವಿದ್ವಾಂಸರೂ ಒಂದು ವಿಮಾನವನ್ನು ಕಟ್ಟಿಸಿದ್ದರು. 1903ರಲ್ಲಿಯೇ ಅದು ಎರಡು ಸಲ ಪೊಟೋಮ್ಯಾಕ್ ನದಿಗೆ ಬಿದ್ದಿತು. ಲ್ಯಾಂಗ್ಲಿಯವರು ತೀರಿಕೊಂಡ ಮೇಲೆ, 1914ರಲ್ಲಿ, ಆ ಯಂತ್ರವನ್ನು ಅನೇಕ ವಿಧವಾಗಿ ಮಾರ್ಪಡಿಸಿ ಕೊಂಚ ಹಾರಿಸಿದರು. ಹಾಗೆ ಹಾರಿಸಿದ ಕರ್ಟಿಸ್ ಎಂಬಾತನು ರೈಟರೊಡನೆ ವ್ಯಾಜ್ಯದಲ್ಲಿದ್ದವನು. ಬಳಿಕ ಯಂತ್ರವನ್ನು ಮೊದಲಿನ ರೂಪಕ್ಕೆ ತಂದಿಟ್ಟು, ಮನುಷ್ಯನನ್ನು ಹೊತ್ತು ಹಾರಬಲ್ಲ ಪ್ರಥಮ ವಿಮಾನವು ಇದೇ ಎಂದು ಸಂಸ್ಥೆಯವರು ಫಲಕ ಬರೆಯಿಸಿದರು. ವಿಲ್ಬರನು 1912ರಲ್ಲಿಯೇ ಗತಿಸಿದ್ದನು. ನೊಂದ ಆರ್ವಿಲನು 1928ರಲ್ಲಿ ತಮ್ಮ ವಿಮಾನವನ್ನು ಲಂಡನ್ನಿನ ವಿಜ್ಞಾನ ವಸ್ತುಸಂಗ್ರಹಾಲಯಕ್ಕೆ ಕಳುಹಿಸಿಬಿಟ್ಟನು.

1942ರಲ್ಲಿ, ಆಗಿನ ಮುಖ್ಯಸ್ಥರಾದ ಆಬಟ್ ಎಂಬವರು 1914ರ ಮಾರ್ಪಾಟುಗಳನ್ನೆಲ್ಲ ಅಚ್ಚು ಹಾಕಿಸಿ, ಸಂಸ್ಥೆಯ ತಪ್ಪನ್ನು ಒಪ್ಪಿಕೊಂಡು ವಿಷಾದ ಸೂಚಿಸಿದರು. ಆರ್ವಿಲನ ಮನಸ್ಸು ತಿಳಿಯಾಯಿತು. ಆದರೆ ಯಂತ್ರವು ಮರಳಿ ಬರುವುದನ್ನು ಅವನು ಕಾಣಲಿಲ್ಲ. ಅವನು ತೀರಿಕೊಂಡುದು 1948ನೆಯ ಜನವರಿ 30ರಂದು. ಆ ದಿನವನ್ನು ಭಾರತೀಯರಾದ ನಾವು ಬೇರೊಂದು ದುಃಖದಿಂದ ಬಲ್ಲೆವು. ಅದೇ ವರ್ಷದ ಡಿಸೆಂಬರ್ 17ರಂದು ವಿಮಾನವು ವಾಷಿಂಗ್ಟನ್ನಿನಲ್ಲಿ ಪ್ರತಿಷ್ಠಿತವಾಯಿತು. ಬೆಲೆ ಒಂದೇ ಡಾಲರು. ಆದರೆ ಕರಾರೊಂದುಂಟು: ಇದಕ್ಕೂ ಮುಂಚೆ ಬೇರೊಂದು ವಿಮಾನವು ಮನುಷ್ಯನನ್ನು ಹೊತ್ತು ಹಾರಬಲ್ಲುದಾಗಿತ್ತೆಂದು ಸಂಸ್ಥೆಯು ಎಂದಾದರೂ ಹೇಳಿದರೆ ಯಂತ್ರವು ರೈಟರ ವಾರಸುದಾರರಿಗೆ ಹಿಂತಿರುಗತಕ್ಕದ್ದು.

ಇದನ್ನು ತಿಳಿದು ನಾವು ಅಲ್ಲಿಯೇ ಬೆಂಚಿನ ಮೇಲೆ ಬಹಳ ಹೊತ್ತು ಕುಳಿತೆವು. ನಮ್ಮ ಇಪ್ಪತ್ತೆಂಟನೆಯ ವಯಸ್ಸಿನಲ್ಲಿ, ಎಂಟನೆಯ ತರಗತಿಯ ಕರಿಹಲಗೆಯ ಮೇಲೆ, ಕನ್ನಡದ 'ತಂದೆಯ ಸಂಗಡ' ಎಂಬುದರ ಅಭ್ಯಾಸಬಲದಿಂದ 'ಪಿತುಃ ಸಹ' ಎಂದು ಬರೆದಿದ್ದೆವು. ಹಿಂದಿನ ಸಾಲಿನ ಹುಡುಗನೊಬ್ಬನು ಎದ್ದು, 'ಪಿತ್ರಾ ಸಹ' ಎಂದಾಗಬೇಕಲ್ಲವೆ, ಸಾರ್, ಎಂದನು. ಗದರಿಸಿ ಕೂರಿಸಿದೆವು. ಮರುದಿನ ಸರಿಯಾದುದನ್ನೇ ಬರೆದು ಪಾಠವನ್ನು ಮುಂದುವರಿಸಿದೆವು. ಅವನು ಹೇಳಿದುದು ಸರಿಯೆಂದು ಮಾತ್ರ ತರಗತಿಯಲ್ಲಿ ಹೇಳಲಿಲ್ಲ. ಆ ಹುಡುಗನು ಮುಂದೆ ಸಂಸ್ಕೃತವನ್ನು ಓದಲಿಲ್ಲ. ಅದಕ್ಕೆ ನಾವೇ ಕಾರಣರೋ ಅಲ್ಲವೋ, ಆದರೂ ಆ ಮುಖವು ಕಣ್ಣ ಮುಂದಿನಿಂದ ಹೋಗಿಲ್ಲ.

ಶಿಷ್ಯನಿಂದ ಬರುವ ಸೋಲು ಗುರುವಿಗೆ ಸಂತೋಷವೆಂದು ಬಾಯಲ್ಲಿ ಹೇಳುವುದು ಸುಲಭ. ಅಷ್ಟು ದೊಡ್ಡ ವಿದ್ಯಾಸಂಸ್ಥೆಗೂ ಅದನ್ನು ಒಪ್ಪಲು ಇಪ್ಪತ್ತೆಂಟು ವರ್ಷ ಬೇಕಾಯಿತು. ಆದರೂ ಒಪ್ಪಿದರು, ಒಪ್ಪಿದುದರಿಂದಲೇ ಆ ವಿಮಾನವು ಇಂದು ಅಲ್ಲಿದೆ. 1969ರಲ್ಲಿ ಅದರ ಮರದ ಚೂರನ್ನೂ ಬಟ್ಟೆಯ ತುಣುಕನ್ನೂ ಚಂದ್ರಲೋಕಕ್ಕೆ ಕೊಂಡೊಯ್ದಿದ್ದರಂತೆ ಎಂದು ಮೊಮ್ಮಗನು ಫಲಕ ನೋಡಿ ಓದಿಹೇಳಿದನು.

ಊರಿಗೆ ಮರಳಿದ ವಾರದಲ್ಲಿ ಹಳೆಯ ಶಿಷ್ಯರ ಮೂಲಕ ಆತನ ವಿಳಾಸವನ್ನು ಹುಡುಕಿಸಿದೆವು. ಈಗ ಆತನೂ ಮಕ್ಕಳೊಂದಿಗ ಗೃಹಸ್ಥನು. ಹೆಚ್ಚೇನೂ ಬರೆಯಲಿಲ್ಲ, ಅಂದು ನೀನು ಹೇಳಿದುದೇ ಸರಿ, ತಪ್ಪು ನಮ್ಮದು ಎಂದಷ್ಟೇ ಬರೆದು ಅಂಚೆಗೆ ಹಾಕಿದೆವು.