ಸವೆದ ಕಾರ್ಡು, ಕತ್ತರಿಸಿದ ಕಾರ್ಡು

ಮಕ್ಕಳೇ, ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನ ಅಂಚಿನಲ್ಲೇ ಮೆಟ್ರೊಪಾಲಿಟನ್ ಮ್ಯೂಸಿಯಂ ಇದೆ. ಅಲ್ಲಿ ದೊಡ್ಡ ದೊಡ್ಡ ಶಿಲ್ಪಗಳ ಜೊತೆಗೆ ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಬೇಸ್‌ಬಾಲ್ ಕಾರ್ಡುಗಳೂ ಇವೆ. ಜೆಫರ್ಸನ್ ಬರ್ಡಿಕ್ ಎಂಬವರು ಕೊಟ್ಟ ಅಂಥ ಕಾರ್ಡುಗಳು 30,000ಕ್ಕೂ ಹೆಚ್ಚು. ಸರದಿಯಂತೆ ಕೆಲವನ್ನು ಪ್ರದರ್ಶನಕ್ಕಿಡುತ್ತಾರೆ. ಬರ್ಡಿಕ್ ಅವನ್ನು ಆಲ್ಬಮ್ಮುಗಳಲ್ಲಿ ಅಂಟಿಸಿಟ್ಟಿದ್ದರು. ಗೋಂದು ಹಿಡಿದ ಕಾರ್ಡಿಗೆ ದರ್ಜೆ ಕಡಿಮೆ, ಆದರೆ ಅದರಲ್ಲಿ ಮೋಸವಿಲ್ಲ.

ಆ ಸಂಗ್ರಹದಲ್ಲಿ ಹೋನಸ್ ವ್ಯಾಗ್ನರ್ ಎಂಬ ಆಟಗಾರನ ಕಾರ್ಡೂ ಇದೆ. 1909ರಿಂದ 1911ರವರೆಗೆ ಸಿಗರೇಟ್ ಪ್ಯಾಕಿನೊಳಗೆ ಬರುತ್ತಿದ್ದ ಸರಣಿಯದು. ಅದೇ ಕಾರ್ಡಿನ ಇನ್ನೊಂದು ಪ್ರತಿ ಬೇರೆ ಕಡೆ ಇತ್ತು. ಪರೀಕ್ಷಕರು ಅದಕ್ಕೆ ಹತ್ತಕ್ಕೆ ಎಂಟು ಅಂಕ ಕೊಟ್ಟರು. 2007ರಲ್ಲಿ 28 ಲಕ್ಷ ಡಾಲರಿಗೆ ಮಾರಾಟವಾಯಿತು. ಅದರ ಅಂಚನ್ನು ತಾನೇ ಕತ್ತರಿಸಿದ್ದಾಗಿ 2013ರಲ್ಲಿ ಹರಾಜುಗಾರನೊಬ್ಬ ನ್ಯಾಯಾಲಯದಲ್ಲಿ ಒಪ್ಪಿಕೊಂಡ!

ಇಂಥದ್ದನ್ನು ಹಿಡಿಯಲು ಪರೀಕ್ಷಕರು ಅಳತೆ ತೆಗೆಯುತ್ತಾರೆ, ಭೂತಗನ್ನಡಿಯಲ್ಲಿ ಅಂಚು ನೋಡುತ್ತಾರೆ, ನೇರಳಾತೀತ ಬೆಳಕಿನಲ್ಲಿ ಹೊಸ ಬಣ್ಣ ಹುಡುಕುತ್ತಾರೆ. ನಮ್ಮ ಬ್ಯಾಂಕ್ ಕೌಂಟರಿನಲ್ಲೂ ಇದೇ ನ್ಯಾಯ. ಕೈಯಿಂದ ಕೈಗೆ ಹೋಗಿ ಹರಿದ ನೋಟನ್ನು ಬದಲಾಯಿಸಿ ಕೊಡುತ್ತಿದ್ದೆವು. ಬೇಕೆಂದೇ ಕತ್ತರಿಸಿ ಜೋಡಿಸಿದ್ದನ್ನಲ್ಲ.

ಅಜ್ಜಿಯ ಪೆಟ್ಟಿಗೆಯಲ್ಲಿ ಹಳೆಯ ನಾಣ್ಯ, ಅಂಚೆಚೀಟಿ ಸಿಕ್ಕರೆ ಉಜ್ಜಬೇಡಿ, ಕತ್ತರಿಸಬೇಡಿ. ಸವೆತ ಅದರ ವಯಸ್ಸು. ವಯಸ್ಸಾಗುವುದು ತಪ್ಪಲ್ಲ, ಅದನ್ನು ಮರೆಮಾಚಿ ಮಾರುವುದು ತಪ್ಪು.