ಸೂಡಿಯ ಕಂಬ, ರೋಣದ ಕೂರಿಗೆ, ತಮ್ಮನ ಲ್ಯಾಪ್‌ಟಾಪ್ ಸ್ಟ್ಯಾಂಡ್

ಗದಗ ಜಿಲ್ಲೆ ಅಂದಕೂಡಲೇ ಲಕ್ಕುಂಡಿ, ಕಪ್ಪತಗುಡ್ಡ ನೆನಪಾಗ್ತವೆ. ಅದೇ ಜಿಲ್ಲೆಯ ರೋಣ, ನರಗುಂದ, ಗಜೇಂದ್ರಗಡ ಮಾತ್ರ ಬಸ್ಸಿನ ಕಿಟಕಿಯಲ್ಲೇ ದಾಟಿಹೋಗುತ್ತವೆ. ಡಿಸೈನ್ ಹುಚ್ಚು ಇರುವವರು ಅಲ್ಲಿ ಇಳಿಯಲೇಬೇಕು.

ನನ್ನ ಚಿಕ್ಕಪ್ಪನ ಮಗ ಅಂಥ ಹುಚ್ಚಿನವನು. ಡಿಪ್ಲೊಮಾ ಮುಗಿಸಿದ್ದಾನೆ. ಕಟ್ಟಿಗೆ ಕೆಲಸ, ಸ್ಕೆಚ್, ಕಂಪ್ಯೂಟರಿನಲ್ಲಿ ತ್ರೀಡಿ ಮಾಡೆಲ್ ಮೂರರಲ್ಲೂ ಕೈಯಾಡಿಸುತ್ತಾನೆ. ಡಿಸೈನ್ ಕಾಲೇಜಿಗೆ ಅರ್ಜಿ ಹಾಕಲು ಪೋರ್ಟ್‌ಫೋಲಿಯೊ ಬೇಕಿತ್ತು. ಮನೆಯಲ್ಲಿ ಚಿಕ್ಕಪ್ಪನದು ಒಂದೇ ಪ್ರಶ್ನೆ: "ಇದರಿಂದ ಹೊಟ್ಟಿ ತುಂಬತೈತೇನು?" ಎರಡು ದಿನ ರಜೆ ಹಾಕಿ ಅವನ ಜೊತೆ ಹೊರಟೆ.

ಮೊದಲು ನರಗುಂದ. ಹುಬ್ಬಳ್ಳಿ–ವಿಜಯಪುರ ರಸ್ತೆಯಲ್ಲಿ ಬಯಲಿನ ನಡುವೆ ಒಂದೇ ಗುಡ್ಡ, ಮೇಲೆ ಕೋಟೆ. 1858ರಲ್ಲಿ ಬಾಬಾಸಾಹೇಬ ಬ್ರಿಟಿಷರ ವಿರುದ್ಧ ಬಂಡೆದ್ದ ಊರು. ಸುತ್ತ ಎರೆಭೂಮಿ. ತಮ್ಮ ಇಲ್ಲಿ ಫೋಟೊ ತೆಗೆಯಲಿಲ್ಲ, ಪೆನ್ಸಿಲ್ ತೆಗೆದ. ಗುಡ್ಡದ ಗೆರೆ ಮೂರು ಸಲ ಬರೆದ ಮೇಲೇ ಅದರ ಇಳಿಜಾರು ಎರಡೂ ಕಡೆ ಒಂದೇ ಥರ ಇಲ್ಲ ಅಂತ ಗೊತ್ತಾಗಿದ್ದು.

ರೋಣದ ಹತ್ತಿರ ಒಂದು ಹಳ್ಳಿಯಲ್ಲಿ ಬಡಿಗೇರ ಅಜ್ಜನ ಮನೆ. ಮೂಲೆಯಲ್ಲಿ ಹಳೇ ಕೂರಿಗೆ. ಮೇಲಿನ ಕಟ್ಟಿಗೆ ಬಟ್ಟಲಿಗೆ ಕಾಳು ಬಿಟ್ಟರೆ ಕೊಳವೆಗಳಲ್ಲಿ ಇಳಿದು, ತಾಳುಗಳು ಸೀಳಿದ ಸಾಲಿಗೇ ಬೀಳುತ್ತದೆ. ಬೀಜ ಬಿಡೋದು, ಸಾಲಿನ ಅಂತರ ಕಾಯೋದು, ಎರಡೂ ಒಂದೇ ಸಲಕರಣೆಯಲ್ಲಿ. ಈಗ ಬಿತ್ತನೆಗೆ ಟ್ರ್ಯಾಕ್ಟರ್ ಬಂದಿದೆ. ಅಜ್ಜನಿಗೆ ಹೊಸ ಕೂರಿಗೆಯ ಕೆಲಸ ಬರೋದಿಲ್ಲ, ಅಳತೆಗಳನ್ನು ಅವರು ಎಲ್ಲೂ ಬರೆದಿಟ್ಟೂ ಇಲ್ಲ.

ತಮ್ಮ ತನ್ನ ಪ್ರಾಜೆಕ್ಟ್ ತೋರಿಸಿದ. ವ್ಯಾಸಪೀಠದ ಹಾಗೆ ಮಡಚುವ ಲ್ಯಾಪ್‌ಟಾಪ್ ಸ್ಟ್ಯಾಂಡ್. ಅಜ್ಜ ಫೋನನ್ನು ತಿರುಗಿಸಿ ತಿರುಗಿಸಿ ನೋಡಿ, "ಚಿತ್ರ ಚೆಂದ ಐತಿ ತಮ್ಮಾ. ಕಟ್ಟಿಗಿ ಎಳಿ ಯಾ ಕಡೆ ಓಡತೈತಿ ಅನ್ನೋದು ಇದರಾಗ ಎಲ್ಲೈತಿ?" ಅಂದರು.

ಮಾತು ನಿಜ. ಮಾಡೆಲ್‌ನಲ್ಲಿ ಹಲಗೆ ಎಲ್ಲ ಕಡೆಗೂ ಒಂದೇ ಗಟ್ಟಿ. ನಿಜವಾದ ಕಟ್ಟಿಗೆ ಎಳೆಯ ಉದ್ದಕ್ಕೆ ಗಟ್ಟಿ, ಅಡ್ಡಕ್ಕೆ ಮೆತ್ತಗೆ. ಎರಡು ಹಲಗೆ ಬೆರಳು ಹೆಣೆದಂತೆ ಕೂಡುವ ಜಾಗದಲ್ಲಿ ಎಳೆ ಅಡ್ಡ ಬಂದರೆ, ಒಂದೆರಡು ಸಲ ಮಡಚಿದಾಗಲೇ ಆ ಬೆರಳು ಮುರಿಯುತ್ತದೆ. ಅಜ್ಜ ಒಂದು ತುಂಡು ಕಟ್ಟಿಗೆ ಮುರಿದು ತೋರಿಸಿದರು. ತಮ್ಮ ಅಲ್ಲೇ ಡ್ರಾಯಿಂಗ್ ಮೇಲೆ ಬಾಣದ ಗುರುತು ಹಾಕಿಕೊಂಡ. ಆಮೇಲೆ ಟೇಪು ಹಿಡಿದು ಕೂರಿಗೆಯ ಒಂದೊಂದೇ ಭಾಗ ಅಳೆದ.

ಮರುದಿನ ಸೂಡಿ. 11ನೇ ಶತಮಾನದಲ್ಲಿ ಚಾಲುಕ್ಯ ರಾಜಕುಮಾರಿ ಅಕ್ಕಾದೇವಿ ಆಳಿದ ಕಿಸುಕಾಡು ನಾಡಿನ ಊರು. ಜೋಡು ಕಳಸದ ಗುಡಿಗೆ ಎರಡು ಶಿಖರ, ಹತ್ತಿರದಲ್ಲೇ ಮೆಟ್ಟಿಲ ನಾಗಕುಂಡ. ಕಲ್ಯಾಣ ಚಾಲುಕ್ಯರ ಕಂಬಗಳು ತಿರುಗಣಿಗೆ ಹಾಕಿ ಕಡೆದಂತೆ ನುಣುಪು. "ಅಣ್ಣಾ, ಇದು ನಮ್ಮ ರಿವಾಲ್ವ್ ಕಮಾಂಡ್!" ಅಂದ. ಅರ್ಧ ಗೆರೆ ಬರೆದು ಸುತ್ತ ತಿರುಗಿಸಿದರೆ ಕಂಬ. ಆದರೆ ಆ ಅರ್ಧ ಗೆರೆಯ ಉಬ್ಬು-ತಗ್ಗು ಸರಿಯಾಗಿ ಬರೆಯೋಕೆ ಅವನಿಗೆ ಒಂದು ತಾಸು ಬೇಕಾಯ್ತು.

ಗಜೇಂದ್ರಗಡದಲ್ಲಿ ಗುಡ್ಡದ ಕಾಲಕಾಲೇಶ್ವರ, ಗಾಳಿಯಂತ್ರಗಳು, ಕೈಮಗ್ಗದ ಪಟ್ಟೇದಂಚು ಸೀರೆ. ಮೈತುಂಬ ಚೌಕಳಿ, ಅಂಚಿಗೆ ಬೇರೆ ಬಣ್ಣದ ಪಟ್ಟಿ. ಇಷ್ಟೇ ಸಾಮಾನಿನಲ್ಲಿ ಇಷ್ಟು ಅಂದ!

ಸ್ಟ್ಯಾಂಡ್ ಈಗ ತಯಾರಾಗಿದೆ, ಕೂರಿಗೆಯ ಅಳತೆಯೂ ತ್ರೀಡಿ ಫೈಲ್ ಆಗಿ ಉಳಿದಿದೆ. ಚಿಕ್ಕಪ್ಪನ ಪ್ರಶ್ನೆಗೆ ಉತ್ತರ ಇನ್ನೂ ಸಿಕ್ಕಿಲ್ಲ. ಆದರೆ ಅರ್ಜಿ ಶುಲ್ಕ ಕಟ್ಟಿದ್ದು ಅವರೇ.

ನೀವೂ ಹೋಗುವುದಾದರೆ ಚಳಿಗಾಲದಲ್ಲಿ ಹೋಗಿ. ಕ್ಯಾಮೆರಾ ಜೊತೆ ಒಂದು ಟೇಪು, ಒಂದು ಪೆನ್ಸಿಲ್ ಇರಲಿ. ಬಡಿಗೇರರ ಮನೆ ಕಂಡರೆ ಅರ್ಧ ತಾಸು ಕೂತು ಬನ್ನಿ.