ಅನುಭವಿಗಳನ್ನು ಕೇಳುವ ಮೂರು ಪ್ರಶ್ನೆಗಳು

ಮಕ್ಕಳ ಓದಿಗೆಂದು ಕೂಡಿಟ್ಟ ಹಣದಿಂದ ಇಂಗ್ಲೆಂಡಿನಲ್ಲೊಂದು ಮನೆ ಕೊಂಡು ಬಾಡಿಗೆಗೆ ಕೊಡುವ ಆಲೋಚನೆ ಬಂದಾಗ, ಈಗಾಗಲೇ ಹಾಗೆ ಮಾಡಿದ್ದ ಸ್ನೇಹಿತರನ್ನು ವಿಚಾರಿಸಿದೆವು. ಲಾಭದ ಮಾತನ್ನು ಎಲ್ಲರೂ ತಾವಾಗಿಯೇ ಹೇಳುತ್ತಾರೆ. ಆದ್ದರಿಂದ ನಾವು ಕೇಳಿದ್ದು ಇಷ್ಟೇ: ಯಾವ ವರ್ಷ ಕೊಂಡಿರಿ? ಸಾಲವೆಷ್ಟು? ನಿಮ್ಮ ತೆರಿಗೆಯ ದರವೇನು?

2016ರ ಏಪ್ರಿಲ್‌ಗೆ ಮುನ್ನ ಕೊಂಡವರಿಗೆ ಎರಡನೆಯ ಮನೆಯ ಮೇಲಿನ ಹೆಚ್ಚುವರಿ ಸ್ಟ್ಯಾಂಪ್ ಡ್ಯೂಟಿ ಇರಲಿಲ್ಲ. 2024ರ ಅಕ್ಟೋಬರ್ 31ರಿಂದ ಅದು ಶೇ. 5, ಅಂದರೆ 2,00,000 ಪೌಂಡಿನ ಮನೆಗೆ 10,000 ಪೌಂಡ್. ಸಾಲದ ಬಡ್ಡಿಯನ್ನು ಬಾಡಿಗೆಯಿಂದ ಕಳೆದು ಉಳಿದುದಕ್ಕೆ ಮಾತ್ರ ತೆರಿಗೆ ಕಟ್ಟುವ ಅನುಕೂಲವೂ 2020ರ ವೇಳೆಗೆ ಹಂತಹಂತವಾಗಿ ರದ್ದಾಯಿತು. ಈಗ ಬಡ್ಡಿಯ ಶೇ. 20ರಷ್ಟು ಮಾತ್ರ ತೆರಿಗೆಯಲ್ಲಿ ಕಡಿತವಾಗುತ್ತದೆ. ವರ್ಷಕ್ಕೆ 12,000 ಪೌಂಡ್ ಬಾಡಿಗೆ, 8,000 ಬಡ್ಡಿ ಇದ್ದರೆ, ಶೇ. 40ರ ದರದವರಿಗೆ ಹಿಂದೆ 2,400 ಉಳಿಯುತ್ತಿತ್ತು. ಈಗ ಉಳಿಯುವುದು 800. ಬಾಯ್ಲರ್ ಬದಲಿಸಬೇಕಾಗಿ ಬಂದರೆ ಆ ವರ್ಷ ಅದೂ ಇಲ್ಲ. ಸಾಲವಿಲ್ಲದೆ ಕೊಂಡ ಸ್ನೇಹಿತರಿಗೆ ಈ ಬಡ್ಡಿಯ ಚಿಂತೆಯೇ ಇರಲಿಲ್ಲ.

ಅವರ ಮಾತು ನಿಜವೇ. ಆದರೆ ಒಬ್ಬರಿಗೆ ಒಗ್ಗಿದ ಔಷಧಿ ಮತ್ತೊಬ್ಬರಿಗೆ ಒಗ್ಗಬೇಕೆಂದಿಲ್ಲ. ನಮ್ಮ ಸಂಬಳ, ನಮ್ಮ ಸಾಲಗಳನ್ನಿಟ್ಟು ಲೆಕ್ಕ ಹಾಕಿದೆವು. ಸದ್ಯಕ್ಕೆ ಮನೆ ಕೊಳ್ಳದಿರಲು ನಿರ್ಧರಿಸಿದೆವು. ಕೊಳ್ಳಹೊರಟಿರುವ ಕುಟುಂಬಗಳು ಮೊದಲು ಈ ಮೂರನ್ನು ಕೇಳಿ ತಿಳಿಯಲಿ.